ಭತ್ತದ ಹೊಟ್ಟಿನ ಬೂದಿ ಬೆರೆಸಿ ಹಾಕಿದ 24 ಚಪ್ಪಡಿ

ಹಿತ್ತಲ ಬಾಗಿಲಿನಿಂದ ನೀರಿನ ತೊಟ್ಟಿವರೆಗೆ ಕಾಲಿಡಲು ಕಾಂಕ್ರೀಟ್ ಚಪ್ಪಡಿ ಬೇಕಿತ್ತು. ಒಂದೊಂದೂ 300 × 300 ಮಿಮೀ, ದಪ್ಪ 50 ಮಿಮೀ. ಒಟ್ಟು 24. ಸಿಮೆಂಟಿನಲ್ಲಿ ನೂರಕ್ಕೆ 15 ಪಾಲು ತೆಗೆದು, ಆ ಜಾಗಕ್ಕೆ ಭತ್ತದ ಹೊಟ್ಟಿನ ಬೂದಿ ಹಾಕಿ ನೋಡೋಣ ಅಂತ ಶುರು ಮಾಡಿದೆ. ಎರಡು ವಾರದ ಕೆಲಸ ಅಂದುಕೊಂಡಿದ್ದೆ. ಎರಕ ಮುಗಿಯೋಕೇ ಏಳು ವಾರ ಬೇಕಾಯಿತು. ಗಟ್ಟಿತನ ನೋಡಲು ಹಾಕಿದ ಕಾಂಕ್ರೀಟ್ ಕ್ಯೂಬುಗಳಲ್ಲಿ ಕೊನೆಯದನ್ನು ಮೊನ್ನೆ ತಾನೇ ಒಡೆಸಿ ಬಂದೆ.

ಚಪ್ಪಡಿಯನ್ನೇ ಆರಿಸಿಕೊಂಡದ್ದಕ್ಕೆ ಕಾರಣ ಇದೆ. ನೆಲದ ಮೇಲೆ ಕೂರುವ ಚಪ್ಪಡಿ ಒಡೆದರೆ ಇನ್ನೊಂದು ಹಾಕಬಹುದು. ತೊಲೆಗೋ ಕಂಬಕ್ಕೋ ಮನೆಯಲ್ಲಿ ಸುಟ್ಟ ಬೂದಿ ಹಾಕಲು ನಾನು ತಯಾರಿಲ್ಲ, ಬೇರೆಯವರಿಗೂ ಹಾಕಿ ಅಂತ ಹೇಳುವುದಿಲ್ಲ.

ಇನ್ನೊಂದು ಮಾತು. ಬೂದಿ ಅಂದ ಮಾತ್ರಕ್ಕೆ ಯಾವುದಾದರೂ ಆಗುವುದಿಲ್ಲ. ಒಲೆಯ ಸೌದೆ ಬೂದಿಯಲ್ಲಿ ಸುಣ್ಣದ ಅಂಶ, ಪೊಟ್ಯಾಷ್ ಜಾಸ್ತಿ. ಹೊಟ್ಟಿನ ಬೂದಿ ಚೆನ್ನಾಗಿ ಸುಟ್ಟಿದ್ದರೆ ಅದರಲ್ಲಿ ನೂರಕ್ಕೆ 85ರಿಂದ 95 ಪಾಲು ಸಿಲಿಕಾನೇ ಇರುತ್ತದೆ. ಸಿಮೆಂಟ್ ನೀರು ಕುಡಿದಾಗ ಹೊರಬರುವ ಸುಣ್ಣದ ಜೊತೆ ಸೇರಿ ಗಟ್ಟಿಯಾಗುವುದು ಈ ಸಿಲಿಕಾ.

ದಿನ 1: ಅಚ್ಚು, ಬೂದಿಯಿಲ್ಲದ ಮೊದಲ ಕಲಸು

12 ಮಿಮೀ ಪ್ಲೈವುಡ್ಡಿನಲ್ಲಿ ಮೂರು ಅಚ್ಚು ಮಾಡಿದೆ. ಮೂಲೆಗಳಿಗೆ ಸ್ಕ್ರೂ ಹಾಕಿದ್ದರಿಂದ ಬಿಚ್ಚೋದು ಸುಲಭ. ಒಳಗೆ ಎಣ್ಣೆ ಸವರಿದೆ, ಆದರೆ ಸ್ವಲ್ಪ ಜಾಸ್ತಿಯಾಯಿತು. ಮೊದಲ ಮೂರು ಚಪ್ಪಡಿಗಳ ಮೇಲೆ ಆ ಕಲೆ ಇನ್ನೂ ಇದೆ. ಬಟ್ಟೆಯಲ್ಲಿ ಒರೆಸಿದಷ್ಟು ಎಣ್ಣೆ ಸಾಕು.

ಹದ 1:2:3, ಎಲ್ಲವೂ ತೂಕದಲ್ಲಿ. ಒಂದು ಕಲಸಿಗೆ:

ಸಿಮೆಂಟ್ 6 ಕೆಜಿ
ಒಣ ಮರಳು 12 ಕೆಜಿ
12 ಮಿಮೀ ಜಲ್ಲಿ 18 ಕೆಜಿ
ನೀರು 3 ಲೀಟರ್

ಇದರಿಂದ ಸುಮಾರು 16 ಲೀಟರ್ ಕಾಂಕ್ರೀಟ್ ಬರುತ್ತದೆ. ಮೂರು ಚಪ್ಪಡಿಗೆ 13.5 ಲೀಟರ್ ಹೋಗಿ, ಉಳಿದದ್ದರಲ್ಲಿ 100 ಮಿಮೀ ಕ್ಯೂಬ್ ಎರಡು ಆಗುತ್ತವೆ. ಕ್ಯೂಬ್‌ಗಳನ್ನು ಪರೀಕ್ಷಾಲಯದ ಮೆಷಿನ್ನಿನಲ್ಲಿ ಒಡೆಸಿದೆ. ಮೊದಲ ಕಲಸಿಗೆ ಬೂದಿ ಹಾಕಲಿಲ್ಲ, ಮುಂದೆ ಹೋಲಿಸಿ ನೋಡಲು ಒಂದು ಬೇಕಲ್ಲ. ಸ್ಲಂಪ್ (ಅಚ್ಚು ಎತ್ತಿದಾಗ ಹಸಿ ಕಾಂಕ್ರೀಟ್ ಎಷ್ಟು ಕುಸಿಯುತ್ತದೆ ಅನ್ನೋ ಅಳತೆ) 70 ಮಿಮೀ ಬಂತು.

ಇಲ್ಲೇ ಒಂದು ತಪ್ಪು ಮಾಡಿದೆ. ಬೂದಿಯಿಲ್ಲದ ಕ್ಯೂಬ್ ಬರೀ ಎರಡು ಹಾಕಿದೆ. ಆರಾದರೂ ಬೇಕಿತ್ತು. ಯಾಕೆ ಅನ್ನೋದು ಕೊನೆಗೆ ಬರುತ್ತದೆ.

ದಿನ 2ರಿಂದ 4: ಗುಡ್ಡೆ ಹಾಕಿ ಸುಟ್ಟದ್ದು

40 ಕೆಜಿ ಹೊಟ್ಟನ್ನು ಬಯಲಲ್ಲಿ ಗುಡ್ಡೆ ಹಾಕಿ, ಬುಡದಲ್ಲಿ ಕೆಂಡ ಇಟ್ಟೆ. ಹೊಟ್ಟು ಉರಿಯುವುದಿಲ್ಲ, ಒಳಗೊಳಗೇ ಕಾಯುತ್ತಾ ಬೇಯುತ್ತದೆ. ಎರಡು ದಿನ ಹೊಗೆ. ಮೂರನೇ ದಿನ ಅವಸರ ಮಾಡಿ ನೀರು ಚಿಮುಕಿಸಿ ಆರಿಸಿದೆ. ಬೂದಿ ಒದ್ದೆ ಹಿಟ್ಟಿನಂತಾಯಿತು. ಹರಡಿ ಒಣಗಿಸಲು ಮತ್ತೆ ಒಂದು ದಿನ.

ಸಲಿಕೆಯಿಂದ ಗುಡ್ಡೆ ಸೀಳಿದಾಗ ಮೂರು ಬಣ್ಣ ಕಂಡವು. ಮೇಲಿನ ಒಂದು ಗೇಣು ಕಪ್ಪು: ಇಂಗಾಲ ಪೂರ್ತಿ ಸುಟ್ಟಿಲ್ಲ. ಅದರ ಕೆಳಗೆ ಬೂದು ಬಣ್ಣದ ತೆಳು ಪದರ. ನಡುವಿನಲ್ಲಿ ಬಿಳಿ, ಅಲ್ಲಲ್ಲಿ ನಸುಗೆಂಪು ಹೆಂಟೆಗಳು. ಬೂದು ಬಣ್ಣದ ಹೊಟ್ಟನ್ನು ಬೆರಳಲ್ಲಿ ಉಜ್ಜಿದರೆ ಪೌಡರಿನ ಹಾಗೆ ಜಾರುತ್ತದೆ. ನಸುಗೆಂಪು ಹೆಂಟೆ ಉಜ್ಜಿದರೆ ಮರಳಿನ ಹಾಗೆ ಚುಚ್ಚುತ್ತದೆ. ಆ ವ್ಯತ್ಯಾಸ ಅವತ್ತೇ ಬೆರಳಿಗೆ ಗೊತ್ತಾಗಿತ್ತು. ಅದರ ಅರ್ಥ ತಿಳಿಯಲು ಎರಡು ವಾರ ಹಿಡಿಯಿತು.

ದಿನ 5: ಎರಡನೇ ಕಲಸು, ಪೂರ್ತಿ ಹಾಳು

ಎಲ್ಲ ಬಣ್ಣವನ್ನೂ ಬೆರೆಸಿ, ಸ್ವಲ್ಪ ಕುಟ್ಟಿ, ಜರಡಿ ಹಿಡಿದು ಹಾಕಿಬಿಟ್ಟೆ. ಈ ಒಂದೇ ಕಲಸಿನಲ್ಲಿ ಮೂರು ತಪ್ಪು.

ಒಂದು, ಬೂದಿಯನ್ನು ಡಬ್ಬಿಯಲ್ಲಿ ಅಳೆದೆ. ತೆಗೆದ ಸಿಮೆಂಟ್ 0.9 ಕೆಜಿ. ಅಷ್ಟೇ ಜಾಗ ತುಂಬುವ ಬೂದಿ ತೂಗಿದ್ದು ಬರೀ 0.25 ಕೆಜಿ. ಅಂದರೆ ಸಿಮೆಂಟ್ ಕಡಿಮೆ ಮಾಡಿದೆ, ಬದಲಿಗೆ ಏನೂ ಕೊಡಲಿಲ್ಲ ಅಂತಲೇ ಲೆಕ್ಕ.

ಎರಡು, ಬೂದಿ ನೀರನ್ನು ಹೀರಿಕೊಂಡಿತು. ಕಲಸು ಗಟ್ಟಿಯಾಯಿತು ಅಂತ ಇನ್ನೂ 600 ಮಿಲೀ ಸುರಿದೆ.

ಮೂರು, ಬೂದಿ ನುಣ್ಣಗಿರಲಿಲ್ಲ.

ದಿನ 12ಕ್ಕೆ ಕ್ಯೂಬ್ ಒಡೆಸಿದೆ. ಬೂದಿಯಿಲ್ಲದ ಕಲಸಿಗೆ 7 ದಿನಕ್ಕೆ 21.8 ಎಂಪಿಎ (ಮೆಗಾಪ್ಯಾಸ್ಕಲ್, ಒಡೆಯುವ ಮುಂಚೆ ತಡೆದ ಒತ್ತಡದ ಅಳತೆ) ಬಂದಿತ್ತು. ಇದಕ್ಕೆ ಬಂದದ್ದು 11.4. ಒಡೆದ ಚೂರನ್ನು ಬೆಳಕಿಗೆ ಹಿಡಿದು ನೋಡಿದೆ. ಮುರಿದ ಮುಖದ ತುಂಬ ಸಾಸಿವೆ ಕಾಳಿನಷ್ಟು ಕಪ್ಪು ಚುಕ್ಕೆ. ಉಗುರಿನಿಂದ ಕೆದಕಿದರೆ ಒಣ ಪುಡಿ ಉದುರಿ, ಆ ಜಾಗದಲ್ಲಿ ಸಣ್ಣ ಗುಳಿ ಉಳಿಯುತ್ತದೆ. ಒಂದು ಗುಳಿಯಲ್ಲಿ ಹೊಟ್ಟಿನ ದೋಣಿ ಆಕಾರ ಹಾಗೇ ಅಚ್ಚೊತ್ತಿತ್ತು. ಬೂದಿ ಸಿಮೆಂಟಿನ ಜೊತೆ ಸೇರಿರಲೇ ಇಲ್ಲ. ಕಾಂಕ್ರೀಟಿನೊಳಗೆ ತೂತಾಗಿ ಕೂತಿತ್ತು.

ಆ ಮೂರು ಚಪ್ಪಡಿ ಒಡೆದು ತಗ್ಗು ತುಂಬಲು ಹಾಕಿದೆ.

ದಿನ 14ರಿಂದ 21: ಡ್ರಮ್ಮಿನಲ್ಲಿ ಸುಡುವುದು

ಇಡೀ ಕೆಲಸದಲ್ಲಿ ಮುಖ್ಯವಾದ ಭಾಗ ಇದೇ ಅಂತ ಈಗ ನನಗೆ ಖಾತ್ರಿಯಾಗಿದೆ. ಕಾಂಕ್ರೀಟ್ ಕಲಸೋದು ಆಮೇಲಿನ ಮಾತು.

200 ಲೀಟರಿನ ಕಬ್ಬಿಣದ ಡ್ರಮ್ ತೆಗೆದುಕೊಂಡು ಬುಡದ ಸುತ್ತ 10 ಮಿಮೀ ತೂತು 24 ಕೊರೆದೆ. ನಡುವೆ ತೂತು ತೂತಿನ 100 ಮಿಮೀ ಪೈಪ್ ನಿಲ್ಲಿಸಿದೆ, ಅದು ಚಿಮಣಿ. ಸುತ್ತ ಹೊಟ್ಟು ತುಂಬಿದೆ. ಡ್ರಮ್ ಭರ್ತಿಯಾದರೂ ಹಿಡಿಸಿದ್ದು 20 ಕೆಜಿ ಮಾತ್ರ, ಹೊಟ್ಟು ಅಷ್ಟು ಹಗುರ. ಪೈಪಿನ ಬುಡದಲ್ಲಿ ಕೆಂಡ ಹಾಕಿದರೆ ಬೆಂಕಿ ಒಳಗಿನಿಂದ ಹೊರಗೆ ನಿಧಾನಕ್ಕೆ ಹಬ್ಬುತ್ತದೆ.

ಶಾಖ ನೋಡಲು ಮಲ್ಟಿಮೀಟರ್ ಜೊತೆ ಬಂದಿದ್ದ ಥರ್ಮೋಕಪಲ್ ತಂತಿಯನ್ನೇ ತೂರಿಸಿದೆ. ಅದರ ಹೊದಿಕೆ ಅಷ್ಟು ಶಾಖ ತಡೆಯುವಂಥದ್ದಲ್ಲ. ಅರ್ಧ ಗಂಟೆಯಲ್ಲಿ ಸುಟ್ಟುಹೋಯಿತು. ಆಮೇಲೆ ಸ್ಟೀಲ್ ಕೊಳವೆಯೊಳಗಿರುವ ಕೆ-ಟೈಪ್ ಥರ್ಮೋಕಪಲ್ ಕಡ್ಡಿ ತಂದೆ. ಮೊದಲೇ ತರಬೇಕಿತ್ತು.

ಮೊದಲ ಡ್ರಮ್ಮಿನಲ್ಲಿ 24 ತೂತೂ ತೆರೆದಿದ್ದವು. ಗಾಳಿ ಜೋರಾಗಿ ಎಳೆಯಿತು. ಶಾಖ 820 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. ಬೂದಿ ನೋಡೋಕೆ ಬೆಳ್ಳಗೆ, ಚೆಂದ. ಮುಟ್ಟಿದರೆ ಅದೇ ಗುಡ್ಡೆ ನಡುವಿನ ಹೆಂಟೆಯ ಹಾಗೆ ಗರಗರ. ಬಿಳಿ ಬಣ್ಣ ನೋಡಿ ಖುಷಿಪಡಬಾರದು ಅಂತ ಇಲ್ಲಿ ಕಲಿತೆ. ಸುಮಾರು 700 ಡಿಗ್ರಿ ಒಳಗೆ ಸುಟ್ಟರೆ ಸಿಲಿಕಾ ಸಡಿಲವಾಗಿ, ತೂತು ತೂತಾಗಿ ಉಳಿಯುತ್ತದೆ, ಸುಣ್ಣದ ಜೊತೆ ಬೇಗ ಬೆರೆಯುತ್ತದೆ. ಶಾಖ ಅದಕ್ಕಿಂತ ಜಾಸ್ತಿಯಾಗಿ ಹೊತ್ತು ಹೋದಂತೆ ಅದು ಹರಳುಗಟ್ಟುತ್ತದೆ. ಆಮೇಲೆ ಅದಕ್ಕೂ ನುಣ್ಣನೆ ಮರಳಿಗೂ ದೊಡ್ಡ ವ್ಯತ್ಯಾಸ ಇರುವುದಿಲ್ಲ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪಿ. ಕೆ. ಮೆಹ್ತಾ 1970ರ ದಶಕದಲ್ಲೇ ಈ ಬೂದಿಯ ಮೇಲೆ ಕೆಲಸ ಮಾಡಿದ್ದರು. ಅವರೂ ಒತ್ತು ಕೊಟ್ಟದ್ದು ಸುಡುವ ಶಾಖದ ಹತೋಟಿಗೆ.

ಎರಡನೇ ಡ್ರಮ್ಮಿಗೆ 14 ತೂತುಗಳನ್ನು ಜೇಡಿಮಣ್ಣಿನಲ್ಲಿ ಮುಚ್ಚಿದೆ. ಶಾಖ 550ರಿಂದ 650ರ ನಡುವೆ ನಿಂತಿತು. ಸುಡಲು 15 ಗಂಟೆ, ತಾನಾಗೇ ಆರಲು ಇನ್ನೊಂದು ದಿನ. ಈ ಸಲ ನೀರು ಮುಟ್ಟಿಸಲಿಲ್ಲ. ಮೇಲೆ ತಣ್ಣಗೆ ಕಂಡರೂ ಒಳಗೆ ಕೆಂಡ ಇರುತ್ತದೆ, ಹತ್ತಿರದಲ್ಲಿ ಒಣಗಿದ್ದು ಏನೂ ಇಡಬೇಡಿ. ಒಟ್ಟು 3.9 ಕೆಜಿ ಬೂದಿ ಸಿಕ್ಕಿತು. ಅಂಚಿನಲ್ಲಿದ್ದ ಕಪ್ಪನ್ನು ಬೇರೆ ಮಾಡಿದ ಮೇಲೆ 3.1 ಕೆಜಿ ಉಳಿಯಿತು. ಇದೇ ರೀತಿ ಇನ್ನೂ ಎರಡು ಡ್ರಮ್ ಸುಟ್ಟೆ. ಕೈಗೆ ಬಂದ ಒಳ್ಳೆಯ ಬೂದಿ 9.3 ಕೆಜಿ.

ದಿನ 18: ಸುಣ್ಣದ ಬಿಲ್ಲೆ

ಬೂದಿ ಚೆನ್ನಾಗಿದೆಯೋ ಇಲ್ಲವೋ ನೋಡಲು ಪ್ರತಿ ಸಲ ಕ್ಯೂಬ್ ಹಾಕಿ ವಾರಗಟ್ಟಲೆ ಕಾಯೋಕಾಗಲ್ಲ. ಒಂದು ಚಿಕ್ಕ ಪರೀಕ್ಷೆ ಮಾಡಿದೆ. ಕುಟ್ಟಾಣಿಯಲ್ಲಿ ಕುಟ್ಟಿದ ಬೂದಿ ಒಂದು ಪಾಲು, ಅರಳಿದ ಸುಣ್ಣದ ಪುಡಿ ಒಂದು ಪಾಲು, ಕಲಸಲು ಬೇಕಾದಷ್ಟು ನೀರು. ಬಿಲ್ಲೆ ತಟ್ಟಿ ಪ್ಲಾಸ್ಟಿಕ್ಕಿನಲ್ಲಿ ಗಾಳಿ ಆಡದಂತೆ ಸುತ್ತಿ 7 ದಿನ ಇಟ್ಟೆ. ಗುಡ್ಡೆ ನಡುವಿನ ಬೂದಿಯದ್ದು, 820 ಡಿಗ್ರಿಯದ್ದು, ನಿಧಾನ ಸುಟ್ಟದ್ದು, ಒಟ್ಟು ಮೂರು ಬಿಲ್ಲೆ.

ಬಿಚ್ಚಿ ನೀರಿಗೆ ಹಾಕಿದೆ. ಗುಡ್ಡೆಯದ್ದು ಹತ್ತು ನಿಮಿಷದಲ್ಲಿ ಕೆಸರಾಯಿತು. 820ರದ್ದು ಒಂದು ಗಂಟೆಯಲ್ಲಿ ಅಂಚು ಬಿಟ್ಟಿತು. ನಿಧಾನ ಸುಟ್ಟ ಬಿಲ್ಲೆ ಮರುದಿನವೂ ಗಟ್ಟಿ. ಉಗುರು ಹಾಕಿದರೆ ಗೆರೆ ಬಿತ್ತು ಅಷ್ಟೇ. ಅಲ್ಲಿಂದಾಚೆಗೆ ಈ ಬಿಲ್ಲೆ ನೋಡದೆ ಯಾವ ಡ್ರಮ್ಮಿನ ಬೂದಿಯನ್ನೂ ಬಳಸಲಿಲ್ಲ.

ದಿನ 21ರಿಂದ 27: ಅರೆಯುವ ಪೀಪಾಯಿ

250 ಮಿಮೀ ಅಗಲ, 300 ಮಿಮೀ ಉದ್ದದ ಕಬ್ಬಿಣದ ಪೈಪಿಗೆ ಎರಡೂ ಕಡೆ ಮುಚ್ಚಳ ಹಾಕಿ, ಎರಡು ರೋಲರ್ ಮೇಲೆ ಮಲಗಿಸಿ, ಮೋಟಾರಿಗೆ ಬೆಲ್ಟ್ ಕೊಟ್ಟೆ. ಒಳಗೆ 25 ಮಿಮೀ ಉಕ್ಕಿನ ಗುಂಡು 20 ಕೆಜಿ, ಬೂದಿ ಒಂದು ಸಲಕ್ಕೆ 1 ಕೆಜಿ.

ಮೊದಲ ದಿನ ನಿಮಿಷಕ್ಕೆ 95 ಸುತ್ತು ತಿರುಗಿಸಿದೆ. ಬೇಗ ತಿರುಗಿದರೆ ಬೇಗ ಅರೆಯುತ್ತೆ ಅಂದುಕೊಂಡಿದ್ದೆ. ಎರಡು ಗಂಟೆ ಬಿಟ್ಟು ತೆರೆದರೆ ಬೂದಿ ಹಾಕಿದಂತೆಯೇ ಇತ್ತು. ಆಗ ಹೊಳೆಯಿತು: ಅಷ್ಟು ಹೊತ್ತೂ ಒಳಗಿನಿಂದ ಸದ್ದೇ ಬಂದಿರಲಿಲ್ಲ. ಆ ವೇಗದಲ್ಲಿ ಗುಂಡುಗಳು ಗೋಡೆಗೆ ಅಂಟಿಕೊಂಡು ಸುತ್ತುತ್ತವೆ, ಬೀಳುವುದೇ ಇಲ್ಲ. ಈ ಅಳತೆಯ ಪೀಪಾಯಿಗೆ ಆ ಮಿತಿ ಸುಮಾರು 89 ಸುತ್ತು. ಪುಲ್ಲಿ ಬದಲಿಸಿ 60ಕ್ಕೆ ಇಳಿಸಿದೆ. ಜಲ್ಲಿ ಲಾರಿ ಖಾಲಿ ಮಾಡುವಂಥ ಸದ್ದು ಬಿಡದೆ ಬರತೊಡಗಿತು. ಸದ್ದು ಸರಿಯಿದ್ದರೆ ಕೆಲಸ ಸರಿ.

ನುಣುಪು ನೋಡಲು 45 ಮೈಕ್ರಾನ್ ಜರಡಿಯಲ್ಲಿ 10 ಗ್ರಾಂ ಬೂದಿ ತೊಳೆದು, ಮೇಲೆ ಉಳಿದದ್ದನ್ನು ಒಣಗಿಸಿ ತೂಗಿದೆ. ಕಾಂಕ್ರೀಟಿಗೆ ಹಾಕುವ ಕಲ್ಲಿದ್ದಲ ಬೂದಿಗೆ ಅಮೆರಿಕದ ಮಾನದಂಡ ಎಎಸ್‌ಟಿಎಂ ಸಿ 618 ಹೇಳುವುದು ನೂರಕ್ಕೆ 34ಕ್ಕಿಂತ ಜಾಸ್ತಿ ಉಳಿಯಬಾರದು ಅಂತ. 820 ಡಿಗ್ರಿಯ ಬೂದಿ 3 ಗಂಟೆ ಅರೆದ ಮೇಲೂ 41 ಉಳಿಯಿತು, 6 ಗಂಟೆಗೆ 22. ನಿಧಾನ ಸುಟ್ಟದ್ದು ಒಂದು ಗಂಟೆಗೆ 30, ಎರಡಕ್ಕೆ 17, ಮೂರಕ್ಕೆ 11.

ಈ ಅಂಕಿ ನೋಡಿದಾಗ ನಿಜಕ್ಕೂ ಸಂತೋಷವಾಯಿತು. ಬೆಂಕಿಯ ಹತ್ತಿರ ತಾಳ್ಮೆಯಿಂದ ಇದ್ದುದಕ್ಕೆ ಅರೆಯುವಾಗ ಅರ್ಧಕ್ಕಿಂತ ಜಾಸ್ತಿ ಹೊತ್ತು ಉಳಿಯಿತು. ಒಟ್ಟು ಒಂಬತ್ತು ಸಲ, 27 ಗಂಟೆ. ಮೋಟಾರ್ ಎಳೆದದ್ದು 250 ವ್ಯಾಟ್, ಹತ್ತಿರ ಹತ್ತಿರ 7 ಯೂನಿಟ್ ಕರೆಂಟ್.

ಮಾಸ್ಕ್ ಬಗ್ಗೆ ಗಟ್ಟಿಯಾಗಿ ಹೇಳಬೇಕು. ಪೀಪಾಯಿ ಮುಚ್ಚಳ ತೆಗೆದಾಗ ಬೂದಿ ಹೊಗೆಯಂತೆ ಏಳುತ್ತದೆ. ಮೊದಲ ದಿನ ಬಟ್ಟೆ ಕಟ್ಟಿಕೊಂಡಿದ್ದೆ. ಸಂಜೆ ಮೂಗು ಒರೆಸಿದರೆ ಬೂದು ಬಣ್ಣ. ಹರಳುಗಟ್ಟಿದ ಸಿಲಿಕಾ ಶ್ವಾಸಕೋಶಕ್ಕೆ ಹೋದರೆ ಸಿಲಿಕೋಸಿಸ್ ಬರುತ್ತದೆ, ಅದು ವಾಸಿಯಾಗುವ ಕಾಯಿಲೆ ಅಲ್ಲ. ಮರುದಿನದಿಂದ ಫಿಲ್ಟರ್ ಇರುವ, ಮುಖಕ್ಕೆ ಬಿಗಿಯಾಗಿ ಕೂರುವ ಮಾಸ್ಕ್ ಹಾಕಿದೆ. ಪೀಪಾಯಿ ನಿಲ್ಲಿಸಿ ಅರ್ಧ ಗಂಟೆ ಬಿಟ್ಟು ತೆರೆದೆ.

ದಿನ 28: ಮೂರನೇ ಕಲಸು, ನೀರಿನ ತಪ್ಪು

ಈ ಸಲ ಸಿಮೆಂಟ್ 5.1 ಕೆಜಿ, ಬೂದಿ 0.9 ಕೆಜಿ, ಎರಡೂ ತಕ್ಕಡಿಯಲ್ಲಿ. ಹಿಂದಿನ ಚುಕ್ಕೆಗಳ ನೆನಪಿತ್ತು. ಅದಕ್ಕೇ ಎರಡನ್ನೂ ಮುಚ್ಚಳದ ಬಕೆಟ್ಟಿಗೆ ಹಾಕಿ, ಜೊತೆಗೆ ಹತ್ತು ಉಕ್ಕಿನ ಗುಂಡು ಬಿಟ್ಟು, ಹತ್ತು ನಿಮಿಷ ಉರುಳಿಸಿದೆ. ಬಣ್ಣ ಎಲ್ಲ ಕಡೆ ಒಂದೇ ಆಯಿತು.

3 ಲೀಟರ್ ನೀರಿಗೆ ಸ್ಲಂಪ್ 10 ಮಿಮೀ. ಕರಣೆ ಎತ್ತಿದರೆ ಕಲಸು ಕಚ್ಚಿಕೊಂಡೇ ಬರುತ್ತಿತ್ತು. ಗೊತ್ತಿದ್ದೂ ಮತ್ತೆ 700 ಮಿಲೀ ನೀರು ಹಾಕಿದೆ. ಅಚ್ಚಿಗೆ ಸಲೀಸಾಗಿ ಇಳಿಯಿತು. 7 ದಿನಕ್ಕೆ 13.6 ಎಂಪಿಎ, 28 ದಿನಕ್ಕೆ 22.9. ಬೂದಿ ಎಷ್ಟೇ ಒಳ್ಳೆಯದಿರಲಿ, ನೀರು ಜಾಸ್ತಿಯಾದರೆ ಅದರ ಗುಣ ತೊಳೆದುಹೋಗುತ್ತದೆ.

ದಿನ 36ರಿಂದ 48: ನಾಲ್ಕರಿಂದ ಹತ್ತನೇ ಕಲಸು

ಅದೇ ಹದ, ನೀರು 3 ಲೀಟರ್ ಮೀರಬಾರದು. ಜೊತೆಗೆ ನೀರು ಹೆಚ್ಚಿಸದೆ ಕಲಸನ್ನು ಸಡಿಲ ಮಾಡುವ ಸೂಪರ್ ಪ್ಲಾಸ್ಟಿಸೈಜರ್ 60 ಗ್ರಾಂ, ಅಂದರೆ ಸಿಮೆಂಟ್ ಮತ್ತು ಬೂದಿಯ ಒಟ್ಟು ತೂಕದ ನೂರಕ್ಕೆ ಒಂದು ಪಾಲು. ಅರ್ಧ ಲೀಟರ್ ನೀರು ತೆಗೆದಿಟ್ಟು, ಅದರಲ್ಲಿ ಕರಗಿಸಿ ಕೊನೆಗೆ ಹಾಕಿದೆ. ಒಂದು ನಿಮಿಷ ಏನೂ ಆಗಲಿಲ್ಲ. ಆಮೇಲೆ ಬಾಂಡ್ಲಿಯಲ್ಲಿದ್ದ ಗಟ್ಟಿ ಮುದ್ದೆ ತಾನಾಗೇ ಸಡಿಲವಾಗಿ ಹರಡಿಕೊಂಡಿತು. ಸ್ಲಂಪ್ 65 ಮಿಮೀ.

ನಾಲ್ಕನೇ ಕಲಸಿನ ಅಚ್ಚನ್ನು 24 ಗಂಟೆಗೆ ಬಿಚ್ಚಿದೆ. ಮೂರರಲ್ಲಿ ಎರಡರ ಅಂಚು ಉದುರಿತು, ಒಂದರ ಮೂಲೆಯೇ ಹೋಯಿತು. ಬೂದಿ ಹಾಕಿದ್ದು ಮೊದಲೆರಡು ದಿನ ನಿಧಾನ. ಮುಂದಿನವನ್ನು 48 ಗಂಟೆ ಬಿಟ್ಟು ಬಿಚ್ಚಿದೆ, ಒಂದೂ ಹಾಳಾಗಲಿಲ್ಲ.

ಕ್ಯೂರಿಂಗ್ 14 ದಿನ. ಒದ್ದೆ ಗೋಣಿಚೀಲ, ಮೇಲೆ ಪ್ಲಾಸ್ಟಿಕ್. ಆರನೇ ಕಲಸು ಹಾಕಿದ ಮೇಲೆ ಎರಡು ದಿನ ಊರಲ್ಲಿರಲಿಲ್ಲ, ಹೊದಿಸಿದ್ದು ಗಾಳಿಗೆ ಹಾರಿತ್ತು. ಆ ಮೂರು ಚಪ್ಪಡಿ ಮೇಲೆ ಕೈ ಸವರಿದರೆ ಈಗಲೂ ಬಿಳಿ ಪುಡಿ ಹತ್ತುತ್ತದೆ. ಬೂದಿ ಹಾಕಿದ ಕಾಂಕ್ರೀಟ್ ಒಣಗೋದನ್ನು ಮೊದಲ ವಾರ ಸ್ವಲ್ಪವೂ ತಾಳಿಕೊಳ್ಳುವುದಿಲ್ಲ.

ದಿನ 64ರಿಂದ 128: ಒಡೆಸಿ ನೋಡಿದ್ದು

ಬೂದಿಯಿಲ್ಲದ್ದು: 7 ದಿನಕ್ಕೆ 21.8, 28 ದಿನಕ್ಕೆ 29.7 ಎಂಪಿಎ.
ನಾಲ್ಕನೇ ಕಲಸು: 7 ದಿನಕ್ಕೆ 20.1, 28 ದಿನಕ್ಕೆ 32.4.
ಐದನೇ ಕಲಸು: 90 ದಿನಕ್ಕೆ 38.6.

90 ದಿನಕ್ಕೆ ಹೋಲಿಸಲು ಬೂದಿಯಿಲ್ಲದ ಕ್ಯೂಬ್ ನನ್ನ ಹತ್ತಿರ ಇರಲಿಲ್ಲ, ಎರಡನ್ನೂ ಮೊದಲೇ ಒಡೆಸಿಯಾಗಿತ್ತು. ಆದ್ದರಿಂದ 38.6 ಬರೀ ಒಂದು ಅಂಕಿ. ಉಳಿದದ್ದೂ ಒಂದೊಂದೇ ಕ್ಯೂಬಿನ ಲೆಕ್ಕ. ಪ್ರತಿ ವಯಸ್ಸಿಗೆ ಮೂರಾದರೂ ಇದ್ದಿದ್ದರೆ ಧೈರ್ಯವಾಗಿ ಹೇಳಬಹುದಿತ್ತು.

ನನಗೆ ಹೆಚ್ಚು ನಂಬಿಕೆ ಬಂದದ್ದು ನೀರು ಕುಡಿಯುವ ಲೆಕ್ಕದಲ್ಲಿ. ಚಪ್ಪಡಿ ಒಣಗಿಸಿ ತೂಗಿ, 24 ಗಂಟೆ ನೀರಲ್ಲಿಟ್ಟು ಮತ್ತೆ ತೂಗಿದೆ. ಬೂದಿಯಿಲ್ಲದ್ದು 10.32 ಕೆಜಿಯಿಂದ 10.84ಕ್ಕೆ ಹೋಯಿತು. ಬೂದಿ ಹಾಕಿದ್ದು 10.21ರಿಂದ 10.58ಕ್ಕೆ. ಒಂದು ನೂರಕ್ಕೆ 5, ಇನ್ನೊಂದು 3.6. ಸದಾ ಒದ್ದೆ ಇರುವ ತೊಟ್ಟಿ ಬದಿಗೆ ಇದೇ ಬೇಕಾದದ್ದು ಅಲ್ವಾ.

ಲೆಕ್ಕ

ಒಳ್ಳೆಯ ಏಳು ಕಲಸಿನಲ್ಲಿ ಉಳಿದ ಸಿಮೆಂಟ್ 6.3 ಕೆಜಿ. ಹಾಳಾದ ಎರಡನೇ, ಮೂರನೇ ಕಲಸಿಗೆ ಹೋದದ್ದು 10.2 ಕೆಜಿ. ಅದರ ಮೇಲೆ 7 ಯೂನಿಟ್ ಕರೆಂಟ್, ನಾಲ್ಕು ಡ್ರಮ್ಮಿನ ಹೊಗೆ. ಸಿಮೆಂಟ್ ಉಳಿಸಲೆಂದೇ ಮನೆಯಲ್ಲಿ ಸುಟ್ಟು ಅರೆಯುವುದಾದರೆ ಲೆಕ್ಕ ಗಿಟ್ಟುವುದಿಲ್ಲ. ಹೊಟ್ಟನ್ನೇ ಉರುವಲು ಮಾಡಿಕೊಂಡ ಗಿರಣಿ ಬಾಯ್ಲರಿನ ಬೂದಿ ಸಿಕ್ಕರೆ ಮಾತು ಬೇರೆ, ಅಲ್ಲಿ ಬೆಂಕಿ ಹೇಗೂ ಉರಿಯುತ್ತಿರುತ್ತದೆ. ಆದರೆ ಆ ಬೂದಿ ಎಷ್ಟು ಶಾಖ ಕಂಡಿದೆ ಅಂತ ಸುಣ್ಣದ ಬಿಲ್ಲೆ ತಟ್ಟಿ ನೋಡಿಯೇ ಬಳಸಿ.

ಚಪ್ಪಡಿ 24ನ್ನೂ ಹಾಕಿ ಆಯಿತು. ಬೂದಿಯವು ಉಳಿದವಕ್ಕಿಂತ ಒಂದು ಛಾಯೆ ಕಪ್ಪು. ಮೂಲೆ ಹೋದದ್ದನ್ನು ಗೋಡೆ ಬದಿಗೆ ಕೂರಿಸಿದೆ, ಪುಡಿ ಹತ್ತುವ ಮೂರನ್ನು ಓಡಾಟ ಕಡಿಮೆ ಇರುವ ತುದಿಗೆ. ಉಳಿದ ಬೂದಿ 1.6 ಕೆಜಿ ಬಿಗಿ ಮುಚ್ಚಳದ ಡಬ್ಬಿಯಲ್ಲಿದೆ. ಮುಂದಿನ ವಾರ ಅದರಲ್ಲಿ ಬರೀ ಕ್ಯೂಬ್ ಹಾಕುತ್ತೇನೆ: ಬೂದಿಯದ್ದು ಒಂಬತ್ತು, ಬೂದಿಯಿಲ್ಲದ್ದು ಒಂಬತ್ತು.